ಮರೆವಿನ ರೋಗವೂ ಮನೆಯವರ ಸೇವೆಯೂ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅರವತ್ತರ ಹೊಸ್ತಿಲಲ್ಲಿ ನಿಂತಿರುವ ನಮಗೆ ಈ ಗಾದೆಯ ಮೇಲೆ ವಿಶೇಷವಾದ ವಿಶ್ವಾಸವೇನೂ ಇಲ್ಲವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಬೇಂದ್ರೆಯವರು ಇದೇ ಮಾತನ್ನು ಎತ್ತಿಕೊಂಡು, ಮರಳಿ ಅರಳುವುದೆಂಬ ಅರ್ಥವೂ ಹೊಳೆಯುವಂತೆ ತಮ್ಮ ಕವನಸಂಗ್ರಹಕ್ಕೆ ಹೆಸರಿಟ್ಟರು. ೧೯೫೮ರಲ್ಲಿ ಆ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕವಿಗಳಿಗೆ ಆ ಸ್ವಾತಂತ್ರ್ಯವುಂಟು. ಗೃಹಸ್ಥರಾದ ನಮಗೆ ಮಾತ್ರ ಈ ಗಾದೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿದೆ. ಮುದುಕರ ಬುದ್ಧಿ ಕೆಡುವುದು ಕೂದಲು ನೆರೆಯುವಷ್ಟೇ ಸಹಜವೆಂಬ ಭಾವನೆಯನ್ನು ಅದು ನಮ್ಮಲ್ಲಿ ಬೇರೂರಿಸಿಬಿಟ್ಟಿದೆ. ಆದಕಾರಣ ನಿಜವಾದ ರೋಗವೊಂದು ಮನೆಯನ್ನು ಹೊಕ್ಕು ಎರಡು ಮೂರು ವರ್ಷಗಳು ಕಳೆದರೂ ವೈದ್ಯರ ಬಳಿಗೆ ಹೋಗುವವರು ಕಡಮೆ. ಹೋಗುವ ವೇಳೆಗೆ ಮನೆಯವರೊಳಗೆ ಮಾತಿಗೆ ಮಾತು ಬೆಳೆದು ಮನಸ್ಸುಗಳು ಮುರಿದಿರುತ್ತವೆ.

ವಯಸ್ಸಾದಂತೆ ಸ್ವಲ್ಪ ಮರೆವು ಬರುವುದು ಸುಳ್ಳಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವುದು, ಹಳೆಯ ಶಿಷ್ಯನು ಎದುರಿಗೆ ನಿಂತು ನಮಸ್ಕರಿಸಿದಾಗ ಅವನ ಹೆಸರು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಂತುಬಿಡುವುದು, ಇವು ರೋಗವಲ್ಲ. ಆ ಹೆಸರು ಸಂಜೆಯ ವೇಳೆಗೆ ತಾನಾಗಿಯೇ ನೆನಪಿಗೆ ಬರುತ್ತದೆ. ರೋಗದ ರೀತಿ ಬೇರೆ. ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಇದು ಯಾವುದಕ್ಕೆ ಬರುವ ವಸ್ತುವೆಂದು ಕೇಳುವುದು. ನಲವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ದಾರಿ ತಪ್ಪುವುದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದನ್ನಲ್ಲ, ಸಾರು ಮಾಡುವ ಕ್ರಮವನ್ನೇ ಮರೆಯುವುದು. ಕಾಲು ಗಂಟೆಯೊಳಗೆ ಒಂದೇ ಪ್ರಶ್ನೆಯನ್ನು ಆರು ಸಲ ಕೇಳಿ, ಕೇಳಿದೆನೆಂಬುದನ್ನೇ ಅರಿಯದಿರುವುದು. ಇಂಥವು ಬರಬರುತ್ತ ಹೆಚ್ಚಿ ನಿತ್ಯದ ವ್ಯವಹಾರವನ್ನು ಕೆಡಿಸುತ್ತ ಬಂದಾಗ ವೈದ್ಯರು ಅದನ್ನು ಡಿಮೆನ್ಷಿಯಾ ಎಂದು ಕರೆಯುವರು. ಇದು ಒಂದೇ ರೋಗದ ಹೆಸರಲ್ಲ; ಜ್ವರವೆಂಬ ಮಾತಿನಂತೆ ಹಲವು ರೋಗಗಳಿಗೆ ಸಮಾನವಾದ ಲಕ್ಷಣಗಳ ಹೆಸರು. ಅವುಗಳಲ್ಲಿ ಮುಖ್ಯವಾದುದು ಆಲ್ಝೈಮರ್ ರೋಗ. ರಕ್ತದ ಒತ್ತಡ, ಸಿಹಿಮೂತ್ರ ಮುಂತಾದವುಗಳಿಂದ ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. ಬೇರೆ ಕೆಲವೂ ಇವೆ. ಎಷ್ಟೋ ಜನರಲ್ಲಿ ಎರಡು ಮೂರು ಬಗೆಗಳು ಕೂಡಿಯೇ ಇರುವುದುಂಟು.

ಆಲ್ಝೈಮರ್ ಎಂಬುದು ಜರ್ಮನಿಯ ಒಬ್ಬ ವೈದ್ಯನ ಹೆಸರು. ೧೯೦೧ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟ್ ಡೀಟರ್ ಎಂಬ ಗೃಹಿಣಿಯನ್ನು ಕರೆತಂದರು. ಮೊದಲು ಆಕೆಗೆ ಗಂಡನ ನಡತೆಯ ಮೇಲೆ ಕಾರಣವಿಲ್ಲದ ಸಂಶಯ ಹುಟ್ಟಿತು. ಅನಂತರ ಅಡುಗೆ ಕೆಟ್ಟಿತು, ಸಾಮಾನುಗಳನ್ನು ಎಲ್ಲೆಲ್ಲಿಯೋ ಬಚ್ಚಿಡುವುದು ಮೊದಲಾಯಿತು, ತನ್ನ ಹೆಸರನ್ನು ಬರೆಯುವುದೂ ಕಷ್ಟವಾಯಿತು. ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಡಾಕ್ಟರ್ ಅಲೋಯಿಸ್ ಆಲ್ಝೈಮರ್ ಮಿದುಳನ್ನು ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದನು. ಕಣಗಳ ನಡುವೆ ಗಸಿಯಂತಹ ಗಂಟುಗಳೂ, ಕಣಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಾಣಿಸಿದುವು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಇದನ್ನು ಆತನು ವಿವರಿಸಿದಾಗ ಯಾರೂ ಹೆಚ್ಚಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ೧೯೧೦ರಲ್ಲಿ ಕ್ರೇಪೆಲಿನ್ ಎಂಬ ಪ್ರಸಿದ್ಧ ವೈದ್ಯನು ತನ್ನ ಗ್ರಂಥದಲ್ಲಿ ರೋಗಕ್ಕೆ ಆ ಹೆಸರನ್ನೇ ಇಟ್ಟನು. ಇದರಲ್ಲಿ ನಮ್ಮ ವಾಚಕರು ಗಮನಿಸತಕ್ಕ ಸಂಗತಿಯೊಂದಿದೆ. ಆಸ್ಪತ್ರೆಗೆ ಬಂದಾಗ ಆ ಗೃಹಿಣಿಯ ವಯಸ್ಸು ಐವತ್ತೊಂದು. ಅರವತ್ತರ ಗಾದೆಗೂ ಆಕೆಯ ರೋಗಕ್ಕೂ ಸಂಬಂಧವೇ ಇರಲಿಲ್ಲ.

ಮಿದುಳಿನಲ್ಲಿ ಆಗುವುದೇನು ಎಂಬುದನ್ನು ತಿಳಿಸಲು ನಮ್ಮ ತರ್ಕಶಾಸ್ತ್ರದ ಪರಿಭಾಷೆ ಚೆನ್ನಾಗಿ ಒದಗುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ಬಲ್ಲಂತೆ, ಜ್ಞಾನವು ಅನುಭವವೆಂದೂ ಸ್ಮೃತಿಯೆಂದೂ ಎರಡು ಬಗೆ. ಅನುಭವವು ಒಂದು ಸಂಸ್ಕಾರವನ್ನು, ಎಂದರೆ ಒಂದು ಅಚ್ಚನ್ನು, ಬಿಟ್ಟುಹೋಗುತ್ತದೆ. ಆ ಅಚ್ಚಿನಿಂದ ಮುಂದೆ ಸ್ಮೃತಿಯು ಹುಟ್ಟುತ್ತದೆ. ಹೊಸ ಅಚ್ಚುಗಳನ್ನು ಒತ್ತುವ ಕೆಲಸ ಮಿದುಳಿನ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಎಂಬ ಸಣ್ಣ ಅಂಗಕ್ಕೆ ಸೇರಿದುದು. ಆಲ್ಝೈಮರ್ ರೋಗವು ಸಾಮಾನ್ಯವಾಗಿ ಮೊದಲು ಕೈಹಾಕುವುದು ಅಲ್ಲಿಗೇ. ಹೀಗಾಗಿ ರೋಗಿಗೆ ಈ ಕ್ಷಣದ ಅನುಭವವುಂಟು, ಅದರ ಅಚ್ಚು ನಿಲ್ಲುವುದಿಲ್ಲ. ಹಳೆಯ ಅಚ್ಚುಗಳು ಇನ್ನೂ ಗಟ್ಟಿಯಾಗಿರುವುದರಿಂದ ತಮ್ಮ ಮದುವೆಯ ಚಪ್ಪರದ ವೈಭವವನ್ನು ಸ್ಫುಟವಾಗಿ ವರ್ಣಿಸುವ ಮುದುಕಿ ಈಗತಾನೆ ಉಂಡೆದ್ದ ಊಟವನ್ನು ಅರಿಯಳು. "ಬೇಕಾದದ್ದೆಲ್ಲ ನೆನಪಿದೆ, ಇದೊಂದು ಮಾತ್ರ ಮರೆತುಹೋಯಿತೆ?" ಎಂದು ಮನೆಯವರು ಹಂಗಿಸುವುದು ಈ ಭೇದವನ್ನು ತಿಳಿಯದೆ. ಕೈಗೆ ರೂಢಿಯಾದ ಕೆಲಸ, ಬಾಲ್ಯದಲ್ಲಿ ಕಲಿತ ಹಾಡು, ನಿತ್ಯದ ಮಂತ್ರ ಇವುಗಳ ನೆಲೆ ಮಿದುಳಿನಲ್ಲಿ ಬೇರೆ. ಅವು ಬಹುಕಾಲ ಉಳಿಯುತ್ತವೆ. ಮಗನ ಹೆಸರನ್ನು ಹೇಳಲಾರದವರು ದೇವರನಾಮವನ್ನು ಪಲ್ಲವಿಯಿಂದ ಅಂಕಿತದವರೆಗೆ ತಪ್ಪದೆ ಹೇಳುವುದು ಕಪಟವಲ್ಲ.

ಇನ್ನೊಂದು ಮಾತು. ಘಟನೆಯ ನೆನಪು ಅಳಿಸಿಹೋದರೂ ಅದರಿಂದ ಹುಟ್ಟಿದ ಭಾವವು ಕೆಲವು ಕಾಲ ಮನಸ್ಸಿನಲ್ಲಿ ನಿಂತಿರುತ್ತದೆಯೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಬೆಳಗ್ಗೆ ಯಾರೋ ಗದರಿಸಿದರೆಂಬುದನ್ನು ರೋಗಿ ಮರೆಯುತ್ತಾನೆ. ಕಾರಣ ತಿಳಿಯದ ಅಳಲು ಮಾತ್ರ ಉಳಿಯುತ್ತದೆ. ಪ್ರೀತಿಯಿಂದ ಕಳೆದ ಅರ್ಧ ಗಂಟೆಯೂ ಹಾಗೆಯೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು ೮೮ ಲಕ್ಷ ಮಂದಿಗೆ, ಎಂದರೆ ನೂರಕ್ಕೆ ಏಳಕ್ಕಿಂತ ಹೆಚ್ಚು ಜನಕ್ಕೆ, ಈ ವ್ಯಾಧಿಯಿರುವುದೆಂದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಅಂದಾಜು. ಯಾವ ಬೀದಿಯೂ ಇದಕ್ಕೆ ಹೊರತಲ್ಲವೆಂದಾಯಿತು. ೨೦೧೬ರಲ್ಲಿ ಬಂದ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ಎಂಬ ಚಲಚ್ಚಿತ್ರದಲ್ಲಿ ಅನಂತನಾಗ್ ಅವರು ಇಂತಹ ತಂದೆಯ ಪಾತ್ರವನ್ನು ವಹಿಸಿದ ಮೇಲೆ ರೋಗದ ಹೆಸರು ಕನ್ನಡಿಗರ ಮನೆಗಳಲ್ಲಿ ಸ್ವಲ್ಪ ಬಳಕೆಗೆ ಬಂದಿತು. ಹೆಸರು ತಿಳಿದಷ್ಟು ಸುಲಭವಾಗಿ ಶುಶ್ರೂಷೆಯ ಮರ್ಮ ತಿಳಿಯುವುದಿಲ್ಲ.

ಮೊಟ್ಟಮೊದಲು ಮಾಡಬೇಕಾದುದು ವೈದ್ಯರಿಗೆ ತೋರಿಸುವುದು. ಮರೆವೆಲ್ಲವೂ ವಾಸಿಯಾಗದ ಮರೆವಲ್ಲ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ ೧೨ ಜೀವಸತ್ವದ ಕೊರತೆ (ಶಾಕಾಹಾರಿಗಳಲ್ಲಿ ಇದು ಅಪರೂಪವಲ್ಲ), ಮನಸ್ಸಿನ ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ, ಬೇರೆ ರೋಗಕ್ಕೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಇವುಗಳಿಂದಲೂ ಅದೇ ಲಕ್ಷಣಗಳು ಕಾಣಿಸಬಹುದು, ಇವುಗಳಿಗೆ ಚಿಕಿತ್ಸೆಯುಂಟು. ನೆನ್ನೆಯವರೆಗೆ ಸರಿಯಾಗಿದ್ದವರು ಇಂದು ಹಠಾತ್ತಾಗಿ ತಬ್ಬಿಬ್ಬಾದರೆ ಅದು ಮೂತ್ರದ ಸೋಂಕೋ ಜ್ವರವೋ ಮತ್ತೊಂದೋ ಆಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆಲ್ಝೈಮರ್ ರೋಗವೆಂದೇ ನಿಶ್ಚಯವಾದರೆ ಅದನ್ನು ನಿರ್ಮೂಲ ಮಾಡುವ ಔಷಧ ಈವರೆಗೆ ಇಲ್ಲ. ಡೊನೆಪೆಜಿಲ್ ಮುಂತಾದ ಮಾತ್ರೆಗಳಿಂದ ಕೆಲವರಿಗೆ ಕೆಲವು ಕಾಲ ಲಕ್ಷಣಗಳು ತಗ್ಗುತ್ತವೆ. ೨೦೨೩ರಿಂದೀಚೆಗೆ ಅಮೆರಿಕಾದಲ್ಲಿ ಒಪ್ಪಿಗೆ ಪಡೆದ ಕೆಲವು ಚುಚ್ಚುಮದ್ದುಗಳು ಆರಂಭದ ಅವಸ್ಥೆಯಲ್ಲಿ ರೋಗದ ನಡಿಗೆಯನ್ನು ಸ್ವಲ್ಪ ನಿಧಾನಗೊಳಿಸುತ್ತವೆ. ಅವುಗಳ ಅಪಾಯವೂ ವೆಚ್ಚವೂ ಸಣ್ಣದಲ್ಲ. ಜಾಹೀರಾತಿನ ಸ್ಮರಣಶಕ್ತಿಯ ಲೇಹ್ಯಗಳಿಗೆ ಹಣ ಸುರಿಯುವುದಕ್ಕಿಂತ, ಮುದುಕರಿಗೆ ಕಿವಿ ಕೇಳದಿದ್ದರೆ ಶ್ರವಣಯಂತ್ರವನ್ನು ತರಿಸುವುದು ಮೇಲು. ಕಿವುಡು, ರಕ್ತದ ಒತ್ತಡ, ಸಿಹಿಮೂತ್ರ, ಧೂಮಪಾನ, ಒಂಟಿತನ ಮೊದಲಾದ ಹದಿನಾಲ್ಕು ಕಾರಣಗಳನ್ನು ತಡೆಯುವುದಾದರೆ ಲೋಕದ ಡಿಮೆನ್ಷಿಯಾದಲ್ಲಿ ನೂರಕ್ಕೆ ೪೫ ಪಾಲನ್ನು ತಪ್ಪಿಸುವುದೋ ಮುಂದಕ್ಕೆ ಹಾಕುವುದೋ ಸಾಧ್ಯವಾದೀತೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಲಿಯು ೨೦೨೪ರಲ್ಲಿ ಲೆಕ್ಕಹಾಕಿತು. ಬಾಲ್ಯದಲ್ಲಿ ವಿದ್ಯೆ ದೊರೆಯದಿರುವುದೂ ಆ ಹದಿನಾಲ್ಕರಲ್ಲಿ ಒಂದು. ಉಪಾಧ್ಯಾಯ ವೃತ್ತಿಯಲ್ಲಿ ಆಯುಸ್ಸನ್ನು ಕಳೆದ ನಮಗೆ ಇದನ್ನು ಓದಿ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದೇಕೆ!

ಇನ್ನು ಮನೆಯೊಳಗಿನ ಸಂಗತಿಗೆ ಬರೋಣ. ನಮ್ಮ ಕಡೆಯ ಮನೆಗಳಲ್ಲಿ ಈ ರೋಗದ ಮೊದಲನೆಯ ಏಟು ಬೀಳುವುದು ಬಹುಮಟ್ಟಿಗೆ ಸೊಸೆಯ ಮಾನದ ಮೇಲೆ. ಅತ್ತೆಯವರು ಸರವನ್ನು ಕಳ್ಳರಿಗೆ ಸಿಕ್ಕದಂತೆ ಅಕ್ಕಿಯ ಡಬ್ಬದಲ್ಲಿ ಬಚ್ಚಿಡುತ್ತಾರೆ. ಬಚ್ಚಿಟ್ಟುದರ ಅಚ್ಚು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪೆಟ್ಟಿಗೆಯನ್ನು ತೆರೆದರೆ ಸರವಿಲ್ಲ. ತಾವು ತೆಗೆಯಲಿಲ್ಲವೆಂಬುದು ಅವರಿಗೆ ನಿಶ್ಚಯ. ಮನೆಯಲ್ಲಿರುವ ಇನ್ನೊಬ್ಬಳು ಸೊಸೆ. ಆದ್ದರಿಂದ ಕದ್ದವಳು ಅವಳೇ. ನೈಯಾಯಿಕರ ಕಣ್ಣಿನಿಂದ ನೋಡಿದರೆ ಈ ಅನುಮಾನಸರಣಿಯಲ್ಲಿ ವಿಶೇಷ ದೋಷವಿಲ್ಲ. ನಡುವಣ ಒಂದು ಸಂಗತಿ ಕಳೆದುಹೋಗಿದೆ, ಅಷ್ಟೆ. "ಮೂರು ದಿನದಿಂದ ನನಗೆ ಅನ್ನ ಹಾಕಿಲ್ಲ" ಎಂದು ಅವರು ಪಕ್ಕದ ಮನೆಯವರೊಡನೆ ಕಣ್ಣೀರಿಡುವುದೂ ಹೀಗೆಯೇ. ಅವರು ಸುಳ್ಳು ಹೇಳುತ್ತಿಲ್ಲ. ಕೇಳಿದ ನೆರೆಯವರು ನಂಬುತ್ತಾರೆ. ದೂರದೂರಿನಲ್ಲಿರುವ ಮಗಳು ಟೆಲಿಫೋನಿನಲ್ಲಿ ಕೇಳಿ ನಂಬುತ್ತಾಳೆ. ಹತ್ತು ಸಲ ಬಟ್ಟೆ ಬದಲಾಯಿಸಿ, ತುತ್ತು ಮಾಡಿ ಉಣ್ಣಿಸಿದವಳು ಕಳ್ಳಿಯೂ ಕ್ರೂರಿಯೂ ಆಗಿ ನಿಲ್ಲುತ್ತಾಳೆ. ಹತ್ತಿರವಿದ್ದು ಹೆಚ್ಚು ಸೇವೆ ಮಾಡುವವರ ಮೇಲೆಯೇ ಹೆಚ್ಚಾದ ಆರೋಪ ಬರುವುದು ಈ ರೋಗದ ಸ್ವಭಾವ. ಇದನ್ನು ಬಂಧುಬಳಗದವರೆಲ್ಲರಿಗೂ ಮೊದಲೇ ತಿಳಿಯಹೇಳುವುದು ಗಂಡನಾದವನ ಕರ್ತವ್ಯ. ಹೆಂಡತಿಯ ಪರವಾಗಿ ಆಕೆಯೇ ವಾದಿಸಿಕೊಳ್ಳಲಿ ಎಂದು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುವ ಗಂಡಸರನ್ನು ನಾವು ಕಂಡಿದ್ದೇವೆ. ಅವರ ವಿಷಯದಲ್ಲಿ ನಮಗೆ ಗೌರವವಿಲ್ಲ.

ಆರೋಪ ಬಂದಾಗ ವಾದಿಸಿ ಫಲವಿಲ್ಲ. "ಅತ್ತೆ, ಬನ್ನಿ, ಇಬ್ಬರೂ ಸೇರಿ ಹುಡುಕೋಣ" ಎಂದು ಕೈಹಿಡಿದು ಎಬ್ಬಿಸಿದರೆ ಅರ್ಧ ಕೋಪ ಅಲ್ಲಿಗೆ ಇಳಿಯುತ್ತದೆ. ಬಚ್ಚಿಡುವ ಜಾಗಗಳು ಪ್ರಾಯಶಃ ನಾಲ್ಕೈದೇ ಇರುತ್ತವೆ. ದಿಂಬಿನ ಚೀಲ, ಹಳೆಯ ಸೀರೆಯ ಮಡಿಕೆ, ದೇವರ ಪೆಟ್ಟಿಗೆ ಇವನ್ನು ತಿಳಿದಿಟ್ಟುಕೊಳ್ಳಬೇಕು. ಬೆಲೆಬಾಳುವ ಒಡವೆಗಳು ಬ್ಯಾಂಕಿನಲ್ಲಿರುವುದು ಕ್ಷೇಮ.

ಸತ್ಯವಂತರಿಗೆ ಬಹು ಕಷ್ಟವಾದ ಪ್ರಸಂಗವೊಂದುಂಟು. ಎಂಬತ್ತು ವರ್ಷದ ತಾಯಿ ಸಂಜೆಯಾಗುತ್ತಲೇ ಬಾಗಿಲ ಬಳಿ ನಿಂತು, ಹತ್ತು ವರ್ಷದ ಹಿಂದೆ ತೀರಿಹೋದ ಗಂಡನು ಇನ್ನೂ ಏಕೆ ಬರಲಿಲ್ಲವೆಂದು ಕೇಳುತ್ತಾಳೆ. ಅವರು ಸತ್ತುಹೋದರೆಂದು ಮಗನು ಹೇಳಿದರೆ ಆ ಸುದ್ದಿ ಆಕೆಗೆ ಹೊಸದು. ಆ ಕ್ಷಣದಲ್ಲಿಯೇ ಗಂಡನನ್ನು ಕಳೆದುಕೊಂಡವಳಂತೆ ಗೋಳಿಡುತ್ತಾಳೆ. ನಾಳೆ ಮತ್ತೆ ಕೇಳುತ್ತಾಳೆ. ದಿನಕ್ಕೊಮ್ಮೆ ಆಕೆಯನ್ನು ವಿಧವೆಯನ್ನಾಗಿ ಮಾಡುವ ಸತ್ಯದಿಂದ ಯಾರಿಗೆ ಯಾವ ಪುಣ್ಯ? ಸುಳ್ಳು ಹೇಳಬೇಕಾದ ಅಗತ್ಯವೂ ಇಲ್ಲ. "ಅಮ್ಮ, ಅಪ್ಪ ಕಚೇರಿಯಿಂದ ಬರುವಾಗ ಏನು ತರುತ್ತಿದ್ದರು?" ಎಂದು ಕೇಳಿದರೆ ಮಾತು ತಾನಾಗಿ ಹೊರಳುತ್ತದೆ, ಆಕೆಗೆ ಬೇಕಾಗಿದ್ದುದೂ ಆ ಸಾನ್ನಿಧ್ಯವೇ. ತಮ್ಮ ಮನೆಯಲ್ಲಿಯೇ ಕುಳಿತು "ನಮ್ಮ ಮನೆಗೆ ಹೋಗಬೇಕು" ಎನ್ನುವವರಿಗೂ ಇದೇ ಉಪಾಯ. ಇದೇ ನಿಮ್ಮ ಮನೆಯೆಂದು ಸಾಧಿಸದೆ, ಆ ಮನೆಯ ಹಿತ್ತಲು, ಬಾವಿ, ಹಸುಗಳ ವಿಷಯ ಕೇಳುತ್ತ ನಾಲ್ಕು ಹೆಜ್ಜೆ ಬೀದಿಯಲ್ಲಿ ಸುತ್ತಾಡಿಸಿಕೊಂಡು ಬಂದರೆ ಸಾಕಾಗುತ್ತದೆ. ಸಂಜೆಯ ಹೊತ್ತಿಗೆ ಈ ಚಡಪಡಿಕೆ ಹೆಚ್ಚು. ಕತ್ತಲಾಗುವ ಮುನ್ನವೇ ದೀಪ ಹಾಕಿ, ಮನೆಯ ಗದ್ದಲವನ್ನು ತಗ್ಗಿಸುವುದು ಒಳ್ಳೆಯದು.

ನೋಡಲು ಬಂದವರಿಗೆ ಒಂದು ಬಿನ್ನಹ. "ನಾನು ಯಾರು, ಹೇಳಿ ನೋಡೋಣ?" ಎಂದು ದಯವಿಟ್ಟು ಕೇಳಬೇಡಿರಿ. ಮೂವತ್ತೈದು ವರ್ಷ ಹುಡುಗರಿಗೆ ಪ್ರಶ್ನೆ ಕೇಳುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ನಾವೇ ಹೇಳುತ್ತೇವೆ, ಇಂತಹ ಪರೀಕ್ಷೆ ಯಾರಿಗೂ ಬೇಡ. ಉತ್ತರ ತಿಳಿಯದ ಅವಮಾನ ಎಂಬತ್ತರಲ್ಲಿಯೂ ಎಂಟರಲ್ಲಿದ್ದಷ್ಟೇ ಚುಚ್ಚುತ್ತದೆ. "ನಾನು ನಿಮ್ಮ ತಂಗಿಯ ಮಗ, ಮೈಸೂರಿನಿಂದ ಬಂದೆ" ಎಂದು ತಾವಾಗಿ ಹೇಳಿಕೊಂಡು ಪಕ್ಕದಲ್ಲಿ ಕುಳಿತರೆ ಆಯಿತು.

ಕೈಗಳಿಗೆ ಕೆಲಸ ಕೊಡಬೇಕು. ಬತ್ತಿ ಹೊಸೆಯುವುದು, ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಒಗೆದ ಬಟ್ಟೆ ಮಡಿಸುವುದು, ಇವುಗಳ ರೂಢಿ ಬೆರಳುಗಳಲ್ಲಿಯೇ ಇರುತ್ತದೆ. ಮಡಿಸಿದ ಬಟ್ಟೆ ಸೊಟ್ಟಗಿದ್ದರೆ ಮರೆಯಲ್ಲಿ ಸರಿಪಡಿಸಿಕೊಳ್ಳಬಹುದು. ಸ್ನಾನಕ್ಕೆ ಹಠ ಮಾಡಿದರೆ ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯಬೇಕು. ನೀರಿನ ಶಬ್ದ, ಚಳಿ, ಬೆತ್ತಲೆಯಾಗುವ ಸಂಕೋಚ, ಇವುಗಳಿಗೆ ಹೆದರಿರಬಹುದು. ಅಡುಗೆಯ ಗ್ಯಾಸಿನ ಕೀಲಿ, ಬಚ್ಚಲಿನ ಜಾರುನೆಲ, ಬೀದಿಬಾಗಿಲ ಅಗುಳಿ ಇವುಗಳಲ್ಲಿ ಎಚ್ಚರವಿರಲಿ. ಹೊರಗೆ ಹೊರಟುಬಿಡುವವರ ಜೇಬಿನಲ್ಲಿ ಮನೆಯ ಟೆಲಿಫೋನ್ ಸಂಖ್ಯೆಯ ಚೀಟಿಯಿರಬೇಕು, ಹೊಸದೊಂದು ಛಾಯಾಚಿತ್ರ ಮನೆಯಲ್ಲಿರಬೇಕು. ನಿದ್ರೆಯ ಮಾತ್ರೆಯನ್ನು ಔಷಧದ ಅಂಗಡಿಯಿಂದ ತಾವಾಗಿ ತಂದು ಕೊಡಕೂಡದು. ಕೆರಳಿಕೆಯನ್ನು ಅಡಗಿಸುವ ಕೆಲವು ಮಾತ್ರೆಗಳು ಇಂತಹ ರೋಗಿಗಳಲ್ಲಿ ಪಾರ್ಶ್ವವಾಯುವಿನ ಮತ್ತು ಮರಣದ ಭಯವನ್ನು ಹೆಚ್ಚಿಸುತ್ತವೆ. ವೈದ್ಯರು ತೂಗಿನೋಡಿ ಕೊಡತಕ್ಕವು ಅವು.

ಇಲ್ಲಿಯವರೆಗೆ ರೋಗಿಯ ಮಾತಾಯಿತು. ಆದರೆ ಇಂತಹ ಮನೆಯಲ್ಲಿ ರೋಗಿಗಳು ಇಬ್ಬರು. ಎರಡನೆಯವರ ನಾಡಿಯನ್ನು ಯಾರೂ ಹಿಡಿದು ನೋಡುವುದಿಲ್ಲ. ಡಿಮೆನ್ಷಿಯಾ ರೋಗಿಗಳ ಆರೈಕೆಗೆ ತಗಲುವ ಹೊತ್ತಿನಲ್ಲಿ ನೂರಕ್ಕೆ ೭೦ ಪಾಲು ಹೆಂಗಸರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೆಂಡತಿ, ಸೊಸೆ, ಮಗಳು, ಇವರಲ್ಲಿ ಒಬ್ಬಾಕೆ. ರೋಗವೋ ಎಂಟು ಹತ್ತು ವರ್ಷಗಳವರೆಗೂ ಎಳೆಯಬಹುದು. ಮಗುವನ್ನು ಸಾಕುವುದಕ್ಕೆ ಇದನ್ನು ಹೋಲಿಸುವವರುಂಟು, ಹೋಲಿಕೆ ಸರಿಯಲ್ಲ. ಮಗು ಇಂದು ಕಲಿತದ್ದು ನಾಳೆಗೆ ಉಳಿಯುತ್ತದೆ, ಇಲ್ಲಿ ಇಂದು ಇದ್ದದ್ದು ನಾಳೆಗೆ ಇರದು. ರಾತ್ರಿ ಮೂರು ಸಲ ಏಳುವುದು, ಭಾರವಾದ ದೇಹವನ್ನು ಎತ್ತಿ ಸೊಂಟ ಹಿಡಿಯುವುದು, ಮದುವೆಮುಂಜಿಗಳಿಗೆ ಹೋಗಲಾಗದೆ ಬಳಗದಿಂದ ದೂರವಾಗುವುದು, ಕೊನೆಗೆ ತನ್ನ ಹೆಸರನ್ನೂ ಅರಿಯದವರ ಸೇವೆ ಮಾಡುವುದು. ಇಂತಹವರಲ್ಲಿ ಖಿನ್ನತೆಯೂ ಆತಂಕವೂ ಹೆಚ್ಚೆಂಬುದು ದೇಶದೇಶಗಳ ವೈದ್ಯರ ಅನುಭವ. ಒಂದೊಂದು ದಿನ ಸಿಟ್ಟು ನೆತ್ತಿಗೇರಿ ಕೈ ಮೇಲೇಳುವಂತಾಗುವುದುಂಟು. ಅದು ಪಾಪಬುದ್ಧಿಯ ಲಕ್ಷಣವಲ್ಲ, ಆಯಾಸದ ಲಕ್ಷಣ. ಆಗ ರೋಗಿಯನ್ನು ಅಪಾಯವಿಲ್ಲದ ಕಡೆ ಕೂರಿಸಿ ಹತ್ತು ನಿಮಿಷ ಹೊರಗೆ ಬಂದು ನಿಲ್ಲುವುದೇ ಸರಿಯಾದುದು. ಅದು ಪದೇಪದೇ ಆಗುತ್ತಿದ್ದರೆ ಬೇರೆ ಕೈ ಬೇಕೆಂದು ಅರ್ಥ.

ಇದಕ್ಕೆ ನಮ್ಮ ಸಮಾಜವು ಕೊಡುತ್ತ ಬಂದಿರುವ ಪ್ರತಿಫಲ ಹೊಗಳಿಕೆ. ಅತ್ತೆಮಾವಂದಿರ ಸೇವೆಯಿಂದ ಬರುವ ಪುಣ್ಯವನ್ನು ಎಷ್ಟು ವರ್ಣಿಸಿದರೂ ಆಕೆಗೆ ಒಂದು ರಾತ್ರಿಯ ನಿದ್ರೆ ಸಿಕ್ಕುವುದಿಲ್ಲ. ಪರದೇಶದಿಂದ ಭಾನುವಾರದ ದಿನ ಟೆಲಿಫೋನ್ ಮಾಡಿ, ತಾಯಿಗೆ ಬಾದಾಮಿ ಕೊಡುತ್ತೀರಾ, ನಡೆದಾಡಿಸುತ್ತೀರಾ ಎಂದು ವಿಚಾರಿಸುವ ಸಹೋದರರು, ಅತ್ತಿಗೆ ಎಷ್ಟು ಗಂಟೆ ನಿದ್ದೆ ಮಾಡಿದರೆಂದು ಒಂದು ಸಲವಾದರೂ ಕೇಳಲಿ. ಬರಲಾಗದವರು ಹಣ ಕಳುಹಿಸಲಿ. ಅದರಿಂದ ರಾತ್ರಿ ಕಾಯುವ ಆಯಾಳನ್ನು ಇಡಬಹುದು.

ನಾವು ಬಲ್ಲ ಒಂದು ಮನೆಯಲ್ಲಿ ಮೂವರು ಮಕ್ಕಳು. ಹಿರಿಯನ ಹೆಂಡತಿ ನಾಲ್ಕು ವರ್ಷ ಒಬ್ಬಳೇ ಮಾವನವರನ್ನು ನೋಡಿಕೊಂಡು ಕೊನೆಗೆ ತಾನೇ ಹಾಸಿಗೆ ಹಿಡಿದಳು. ಆಗ ಒಂದು ಸಂಜೆ ಎಲ್ಲರೂ ಕುಳಿತು ಕಾಗದದ ಮೇಲೆ ಬರೆದರು. ಭಾನುವಾರ ಪೂರ್ತಿ ಎರಡನೆಯ ಮಗನು ಬರತಕ್ಕದ್ದು. ಅವನೇ ತಂದೆಗೆ ಸ್ನಾನ ಮಾಡಿಸಿ ಉಣ್ಣಿಸತಕ್ಕದ್ದು, ಅತ್ತಿಗೆಯನ್ನು ಯಾವುದಕ್ಕೂ ಕರೆಯಕೂಡದು. ಔಷಧದ ಖರ್ಚು ಮಗಳದು. ವಾರಕ್ಕೆ ಎರಡು ರಾತ್ರಿ ಹಿರಿಯ ಮಗನೇ ತಂದೆಯ ಕೋಣೆಯಲ್ಲಿ ಮಲಗತಕ್ಕದ್ದು. ಗಂಡಸರು ಸ್ನಾನ ಮಾಡಿಸಬಲ್ಲರೆ ಎಂದು ಮೊದಲು ನಕ್ಕವರೂ ಇದ್ದರು. ಎರಡು ವಾರದಲ್ಲಿ ಕಲಿತರು. ಮೊದಲನೆಯ ಭಾನುವಾರ ಆ ಸೊಸೆ ತವರುಮನೆಗೆ ಹೋಗಿ ಮಧ್ಯಾಹ್ನದವರೆಗೆ ನಿದ್ದೆ ಮಾಡಿ ಬಂದಳಂತೆ.

ಮನೆಯ ಕೈಗಳು ಸಾಲದಾದಾಗ ಹೊರಗಿನ ನೆರವನ್ನು ಪಡೆಯುವುದರಲ್ಲಿ ನಾಚಿಕೆಯಿಲ್ಲ. ಹಗಲು ಮಾತ್ರ ಇರಿಸಿಕೊಂಡು ನೋಡಿಕೊಳ್ಳುವ ಕೇಂದ್ರಗಳೂ, ಕೊನೆಯ ಅವಸ್ಥೆಯಲ್ಲಿ ಅಲ್ಲಿಯೇ ಇರಿಸಿಕೊಳ್ಳುವ ಆಲಯಗಳೂ ನಮ್ಮ ನಾಡಿನಲ್ಲಿವೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕೆಲಸವನ್ನು ನಡೆಯಿಸುತ್ತಿದೆ. ೧೯೯೨ರಲ್ಲಿ ಕೇರಳದಲ್ಲಿ ಹುಟ್ಟಿದ ಭಾರತೀಯ ಆಲ್ಝೈಮರ್ ಸಂಘಕ್ಕೆ ಬೆಂಗಳೂರಿನಲ್ಲಿಯೂ ಶಾಖೆಯುಂಟು. ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವೃದ್ಧರ ಮನೋರೋಗಗಳಿಗೆ ವಿಶೇಷ ಚಿಕಿತ್ಸಾ ವಿಭಾಗವಿದೆ. ತಂದೆಯನ್ನು ಅಂತಹ ಆಲಯದಲ್ಲಿ ಬಿಟ್ಟವರನ್ನು ಊರಿನವರು ಆಡಿಕೊಳ್ಳುವುದುಂಟು. ಆಡಿಕೊಳ್ಳುವವರು ಒಂದು ವಾರ ಬಂದು ಆ ಮನೆಯ ರಾತ್ರಿಗಳನ್ನು ಕಾದು ಹೋಗಲಿ, ಅನಂತರ ಅವರ ಅಭಿಪ್ರಾಯವನ್ನು ಕೇಳೋಣ.

ಹಣಕಾಸಿನ ವಿಷಯವನ್ನು ರೋಗದ ಮೊದಲನೆಯ ಅವಸ್ಥೆಯಲ್ಲಿಯೇ, ಹಿರಿಯರಿಗೆ ತಿಳಿವಳಿಕೆಯಿರುವಾಗಲೇ, ಅವರ ಇಷ್ಟವನ್ನು ಕೇಳಿ ಏರ್ಪಡಿಸಬೇಕು. ಬ್ಯಾಂಕಿನ ಖಾತೆಗೆ ಇನ್ನೊಬ್ಬರ ಹೆಸರನ್ನು ಸೇರಿಸುವುದು, ಉಯಿಲು ಬರೆಯುವುದು, ಪಿಂಚಣಿಯ ಕಾಗದಗಳನ್ನು ಒಂದೆಡೆ ಇಡುವುದು, ಇವು ಮುಂದಕ್ಕೆ ಹಾಕುವ ಕೆಲಸಗಳಲ್ಲ. ಸಹಿಯ ಅರ್ಥವೇ ತಿಳಿಯದಂತಾದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಹೋದರರ ಕಥೆಗಳು ಬೇಕಾದಷ್ಟಿವೆ.

ಸರ್ಕಾರದ ಎರಡು ಟೆಲಿಫೋನ್ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಬಹುದು. ಹಿರಿಯ ನಾಗರಿಕರ ಸಹಾಯವಾಣಿ ೧೪೫೬೭, ಇದು ಹಗಲಿನಲ್ಲಿ. ಮನಸ್ಸಿನ ಸಂಕಟಗಳಿಗೆ ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬುದು ೧೪೪೧೬. ಇಲ್ಲಿ ಹಗಲಿರುಳೂ ಕರೆಯನ್ನು ಎತ್ತಿಕೊಳ್ಳುವರು, ಕನ್ನಡದಲ್ಲಿಯೂ ಮಾತನಾಡುವರು, ಹಣ ತೆಗೆದುಕೊಳ್ಳುವುದಿಲ್ಲ. ರೋಗಿಯ ಸಲುವಾಗಿಯೇ ಕರೆ ಮಾಡಬೇಕೆಂಬ ನಿಯಮವಿಲ್ಲ. ಸೇವೆ ಮಾಡುತ್ತಿರುವ ಸೊಸೆಯು ರಾತ್ರಿ ಎರಡು ಗಂಟೆಗೆ, ತನ್ನ ಸಲುವಾಗಿಯೇ, ಮಾಡಬಹುದು.